ತುಂಬಿದ ಕಣಜ, ಹಸಿದ ಸಸಿ

ಇಂಡಿ ತಾಲ್ಲೂಕಿನ ಸೋದರಿಯೊಬ್ಬರು ಈ ಅಂಕಣಕ್ಕೆ ಬರೆದ ಪತ್ರ ನಮ್ಮ ಕೈಸೇರಿದೆ. ಮನೆಯ ಹಿಂದಿನ ಬಯಲಿನಲ್ಲಿ ಚಪ್ಪರ ಹಾಕಿ, ಪಾಲಿಥೀನ್ ಚೀಲಗಳಲ್ಲಿ ಆರುನೂರು ನಿಂಬೆ ಸಸಿಗಳನ್ನು ಅವರು ಎಬ್ಬಿಸಿದ್ದಾರೆ. ಬರುವ ಮುಂಗಾರಿನಲ್ಲಿ ಅವನ್ನು ಮಾರಿ, ಮಹಿಳಾ ಸಂಘದಿಂದ ತಂದ ಸಾಲವನ್ನು ತೀರಿಸಿ, ಉಳಿದ ಹಣದಲ್ಲಿ ಮಗಳ ಕಾಲೇಜಿನ ಶುಲ್ಕ ಕಟ್ಟಬೇಕೆಂಬುದು ಅವರ ಎಣಿಕೆ. ಮೊದಲ ಮೂರು ತಿಂಗಳು ಸಸಿಗಳು ಕಣ್ಣಿಗೆ ತಂಪಾಗುವಂತೆ ಬೆಳೆದವು. ಆಮೇಲೆ ತುದಿಯ ಎಳೆಯ ಎಲೆಗಳು ಹಳದಿಗೆ ತಿರುಗತೊಡಗಿದವು. ಎಲೆಯ ನರಗಳು ಮಾತ್ರ ಹಸಿರಾಗಿಯೇ ಉಳಿದು ಜಾಲರಿಯಂತೆ ಕಾಣತೊಡಗಿದವು. ಗೊಬ್ಬರದ ಅಂಗಡಿಯವರು "ಸಸಿಗೆ ಹಸಿವಾಗಿದೆ" ಎಂದರಂತೆ. ಚೀಲಕ್ಕೊಂದು ಚಿಟಿಕೆಯಂತೆ ಯೂರಿಯಾ ಹಾಕಿದರು. ಹದಿನೈದು ದಿನಗಳಲ್ಲಿ ಹೊಸ ಚಿಗುರು ಬೆಳ್ಳಗೇ ಬಂದಿತು. "ಇನ್ನೇನು ಹಾಕಲಿ?" ಎಂಬುದು ಅವರ ಪ್ರಶ್ನೆ.

ತಾಯಿ, ಸದ್ಯಕ್ಕೆ ಇನ್ನೇನನ್ನೂ ಹಾಕಬೇಡಿರಿ. ನಿಮ್ಮ ಪತ್ರದಲ್ಲಿಯೇ ರೋಗದ ಗುರುತು ಸ್ಪಷ್ಟವಾಗಿದೆ. ಸಾರಜನಕದ ಕೊರತೆಯಾದರೆ ಗಿಡವು ಹಳೆಯ ಎಲೆಗಳಿಂದ ಅದನ್ನು ಹೀರಿ ಹೊಸ ಚಿಗುರಿಗೆ ಕಳುಹಿಸುತ್ತದೆ. ಆದುದರಿಂದ ಕೆಳಗಿನ ಎಲೆಗಳು ಮೊದಲು ಹಳದಿಯಾಗುತ್ತವೆ, ನರವೂ ಸೇರಿ ಇಡೀ ಎಲೆ ಮಂಕಾಗುತ್ತದೆ. ಕಬ್ಬಿಣದ ಕೊರತೆ ಇದಕ್ಕೆ ತಿರುವುಮುರುವು. ಕಬ್ಬಿಣವು ಒಮ್ಮೆ ಎಲೆಯಲ್ಲಿ ನೆಲೆನಿಂತ ಮೇಲೆ ಸುಲಭವಾಗಿ ಬೇರೆಡೆಗೆ ಸಾಗದು. ಆದುದರಿಂದ ಹಳೆಯ ಎಲೆಗಳು ಹಸಿರಾಗಿದ್ದರೂ ಹೊಸ ಎಲೆ ಬಿಳಿಚುತ್ತದೆ, ನರಗಳು ಹಸಿರಾಗಿ ಉಳಿಯುತ್ತವೆ. ಹಳೆಯ ಎಲೆಗಳಲ್ಲಿಯೇ ನರಗಳ ನಡುವೆ ಹಳದಿ ಕಂಡರೆ ಮೆಗ್ನೀಸಿಯಂ ಕೊರತೆಯನ್ನು ಶಂಕಿಸಬೇಕು. ಹೊಸ ಎಲೆಗಳು ಕಿರಿದಾಗಿ, ಚುಕ್ಕೆಚುಕ್ಕೆಯಾಗಿ ಹಳದಿಯಾದರೆ ಸತುವಿನ ಕೊರತೆಯನ್ನು. ಸಸಿಯ ಯಾವ ಎಲೆ ಮೊದಲು ಕೆಟ್ಟಿತು ಎಂಬ ಒಂದು ಮಾತನ್ನು ಕೇಳದೆ ಗೊಬ್ಬರ ಹೇಳುವವರ ಸಲಹೆಯನ್ನು ಸ್ವೀಕರಿಸಬಾರದೆಂದು ನಮ್ಮ ಅಭಿಪ್ರಾಯ.

ಹಾಗಾದರೆ ಕಬ್ಬಿಣವನ್ನು ಹಾಕಿದರಾಯಿತಲ್ಲವೇ ಎಂದು ಕೇಳಬಹುದು. ಇಲ್ಲಿಯೇ ಇರುವುದು ಗಂಟು. ನೂರು ಕಿಲೋ ಸಾಮಾನ್ಯ ಮಣ್ಣಿನಲ್ಲಿ ಒಂದರಿಂದ ಐದು ಕಿಲೋವರೆಗೆ ಕಬ್ಬಿಣವಿರುತ್ತದೆ. ಒಂದು ಕಿಲೋ ಒಣಗಿದ ಎಲೆಯಲ್ಲಿ ಇರಬೇಕಾದುದು ಒಂದು ಗ್ರಾಂನ ಹತ್ತನೆಯ ಒಂದು ಭಾಗದಷ್ಟು. ಕಣಜ ತುಂಬಿ ತುಳುಕುತ್ತಿದೆ; ಸಸಿ ಅದರ ನಡುವೆಯೇ ನಿಂತು ಉಪವಾಸವಿದೆ. ಕಣಜದ ಬಾಗಿಲನ್ನು ಮುಚ್ಚುವುದು, ತೆರೆಯುವುದು ಮಣ್ಣಿನ ರಸಸಾರ.

ಮಣ್ಣು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬುದನ್ನು ಅಳೆಯುವ ಈ ಮಾನವನ್ನು 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಸೋರೆನ್‌ಸೆನ್ ಎಂಬ ರಸಾಯನ ಶಾಸ್ತ್ರಜ್ಞರು ರೂಪಿಸಿದರು. ಸೊನ್ನೆಯಿಂದ ಹದಿನಾಲ್ಕರವರೆಗಿನ ಈ ಏಣಿಯಲ್ಲಿ 7 ತಟಸ್ಥ. ಅದಕ್ಕಿಂತ ಕೆಳಗಿನದು ಆಮ್ಲ, ಮೇಲಿನದು ಕ್ಷಾರ. ಈ ಏಣಿಯ ಒಂದೊಂದು ಮೆಟ್ಟಿಲೂ ಹತ್ತು ಪಟ್ಟು. 7ರ ಮಣ್ಣಿಗಿಂತ 8ರ ಮಣ್ಣಿನಲ್ಲಿ ಆಮ್ಲಾಂಶ ಹತ್ತನೆಯ ಒಂದು ಪಾಲು ಮಾತ್ರ. ಕಬ್ಬಿಣದ ವಿಷಯದಲ್ಲಂತೂ ಲೆಕ್ಕ ಇನ್ನೂ ಕಠಿಣ: ರಸಸಾರ ಒಂದು ಮೆಟ್ಟಿಲು ಏರಿದರೆ ನೀರಿನಲ್ಲಿ ಕರಗಿರುವ ಫೆರಿಕ್ ಕಬ್ಬಿಣ ಸಾವಿರ ಪಟ್ಟು ಇಳಿಯುತ್ತದೆ. 6ರಿಂದ 7ರವರೆಗೆ ಸಸಿಗೆ ಬೇಕಾದ ಬಹುತೇಕ ಪೋಷಕಾಂಶಗಳು ದೊರೆಯುತ್ತವೆ. 8ನ್ನು ದಾಟಿದರೆ ಕಬ್ಬಿಣ, ಸತು, ಮ್ಯಾಂಗನೀಸುಗಳು ಮಣ್ಣಿನಲ್ಲಿದ್ದೂ ಇಲ್ಲದಂತೆ. ರಂಜಕವೂ ಸುಣ್ಣದೊಡನೆ ಕೂಡಿ ಗಟ್ಟಿಯಾಗುತ್ತದೆ.

ರಸಸಾರ ಎಂಬ ಪಾರಿಭಾಷಿಕ ಪದದ ವಿಷಯವಾಗಿ ಒಂದು ಮಾತು. ನಮ್ಮ ವೈದ್ಯಶಾಸ್ತ್ರದ ಆರು ರಸಗಳಲ್ಲಿ ಆಮ್ಲಕ್ಕೆ ಸ್ಥಾನವಿದೆ, ಕ್ಷಾರಕ್ಕಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಚರ್ಚೆಯೊಂದರಲ್ಲಿ ವಿದೇಹದ ನಿಮಿಯು ಕ್ಷಾರವನ್ನೂ ಸೇರಿಸಿ ರಸಗಳು ಏಳೆಂದು ವಾದಿಸುತ್ತಾನೆ. ಆತ್ರೇಯರು ಅದನ್ನು ಒಪ್ಪದೆ, ಕ್ಷಾರವು ರಸವಲ್ಲ, ದ್ರವ್ಯ ಎಂದು ತೀರ್ಮಾನಿಸುತ್ತಾರೆ. ಆ ನಿರ್ಣಯ ನಾಲಗೆಗೆ ಸಂಬಂಧಿಸಿದುದು. ಸಸಿಯ ಬೇರನ್ನು ಕೇಳಿದ್ದರೆ ಅದು ನಿಮಿಯ ಪಕ್ಷವನ್ನೇ ಹಿಡಿಯುತ್ತಿತ್ತೇನೋ.

ಈಗ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಇಂಡಿ ಸೀಮೆಯ ನೆಲದಲ್ಲಿ ಸುಣ್ಣದ ಹರಳು ಇದ್ದೇ ಇದೆ. ಆದರೂ ಅಲ್ಲಿ ನಿಂಬೆಯ ತೋಟಗಳು ಹೆಸರಾಗಿಲ್ಲವೇ? ಆಗಿವೆ. ಹೊಲದ ಗಿಡದ ಬೇರು ಒಂದು ಕಡೆ ಸುಣ್ಣ ಸಿಕ್ಕಿದರೆ ಮತ್ತೊಂದು ಕಡೆಗೆ ಹೊರಳುತ್ತದೆ, ಆಳಕ್ಕಿಳಿಯುತ್ತದೆ; ಮಳೆಗಾಲದಲ್ಲಿ ಮೇಲ್ಮಣ್ಣು ತೊಳೆದುಹೋಗುತ್ತದೆ. ಚೀಲದ ಸಸಿಗೆ ಈ ಯಾವ ಅವಕಾಶವೂ ಇಲ್ಲ. ಒಂದೂವರೆ ಕಿಲೋ ಮಣ್ಣೇ ಅದರ ಲೋಕ. ಆ ಮಣ್ಣಿಗೆ ನೀವು ದಿನವೂ ಏನನ್ನು ಎರೆಯುತ್ತೀರೋ ಅದೇ ಅದರ ಹಣೆಬರಹ.

ಎರೆಯುತ್ತಿರುವುದು ಕೊಳವೆ ಬಾವಿಯ ನೀರೆಂದು ನೀವೇ ಬರೆದಿದ್ದೀರಿ. ಬಯಲುಸೀಮೆಯ ಕೊಳವೆ ಬಾವಿಗಳಲ್ಲಿ ಲೀಟರಿಗೆ 400 ಮಿಲಿಗ್ರಾಂ ಬೈಕಾರ್ಬೊನೇಟ್ ಇರುವುದು ಅಪರೂಪವೇನಲ್ಲ. ಅಂತಹ ನೀರನ್ನು ಚೀಲಕ್ಕೆ ದಿನಕ್ಕೆ 150 ಮಿಲಿಲೀಟರಿನಂತೆ ಆರು ತಿಂಗಳು ಹಾಕಿದರೆ ಒಟ್ಟು 27 ಲೀಟರ್ ಆಯಿತು. ಅದರಲ್ಲಿರುವ ಬೈಕಾರ್ಬೊನೇಟು 10 ಗ್ರಾಂಗೂ ಮೀರಿ, ಸುಮಾರು 9 ಗ್ರಾಂ ಸುಣ್ಣಕಲ್ಲಿನ ಪುಡಿಗೆ ಸಮನಾದ ಬಲವುಳ್ಳದ್ದು. ಸ್ವಲ್ಪ ಭಾಗ ತಳದ ರಂಧ್ರದಿಂದ ಹರಿದುಹೋಗಬಹುದು. ಉಳಿದುದು ಮಣ್ಣಿನಲ್ಲಿಯೇ ನಿಲ್ಲುತ್ತದೆ. ಯಾರೂ ತಮ್ಮ ಸಸಿಯ ಚೀಲಕ್ಕೆ ಎರಡು ಚಮಚ ಸುಣ್ಣವನ್ನು ತಿಳಿದು ತಿಳಿದು ಹಾಕಲಾರರು. ತಿಳಿಯದೆ, ದಿನಕ್ಕಿಷ್ಟು ಎಂದು ಹಾಕುತ್ತೇವೆ. ಮೊದಲ ಮೂರು ತಿಂಗಳು ಸಸಿಗಳು ಚೆನ್ನಾಗಿದ್ದು ಆಮೇಲೆ ಕೆಟ್ಟಿರುವುದು ಇದಕ್ಕೆ ಸರಿಹೊಂದುತ್ತದೆ.

ನೀರಿನ ವಿಷಯದಲ್ಲಿ ಓದಿದವರೂ ಎಡವುವ ಒಂದು ಸ್ಥಳವಿದೆ. ನೀರಿನ ರಸಸಾರವನ್ನು ಅಳೆದು "7.5 ಬಂದಿದೆ, ಚಿಂತೆಯಿಲ್ಲ" ಎನ್ನುತ್ತಾರೆ. ನೀರಿನಲ್ಲಿ ನೋಡಬೇಕಾದುದು ರಸಸಾರಕ್ಕಿಂತ ಹೆಚ್ಚಾಗಿ ಬೈಕಾರ್ಬೊನೇಟಿನ ಪ್ರಮಾಣವನ್ನು. 8.5 ತೋರುವ, ಆದರೆ ಲವಣಾಂಶ ತೀರ ಕಡಮೆಯಿರುವ ನೀರು ಸಸಿಗೆ ವಿಶೇಷ ಕೇಡು ಮಾಡದು, 7.5 ತೋರುತ್ತ ಬೈಕಾರ್ಬೊನೇಟನ್ನು ತುಂಬಿಕೊಂಡ ನೀರು ಕೇಡು ಮಾಡುತ್ತದೆ. ಇದಕ್ಕೆ ಮನೆಯಲ್ಲಿಯೇ ಸಾಕ್ಷಿ ಇದೆ. ಬಚ್ಚಲಮನೆಯ ಹಂಡೆಯ ಒಳಮೈಯಲ್ಲಿ ಬಿಳಿಯ ಹಕ್ಕಳೆ ಕಟ್ಟುತ್ತದೆಯೇ? ತೊಗರಿಬೇಳೆ ಬೇಗ ಬೇಯುವುದಿಲ್ಲವೇ? ಸಾಬೂನು ನೊರೆ ಕೊಡುವುದಿಲ್ಲವೇ? ಹಾಗಿದ್ದರೆ ಆ ನೀರು ಸಸಿಮಡಿಗೆ ತಕ್ಕುದಲ್ಲ. ಹಂಡೆಯಲ್ಲಿ ಕಟ್ಟುವ ಸುಣ್ಣವೇ ಚೀಲದಲ್ಲಿಯೂ ಕಟ್ಟುತ್ತದೆ. ಇತ್ತೀಚೆಗೆ ಮನೆಮನೆಗೂ ಬಂದಿರುವ ಆರ್‌ಒ ಯಂತ್ರದಿಂದ ಹೊರಬೀಳುವ ನೀರನ್ನು ವ್ಯರ್ಥ ಮಾಡಬಾರದೆಂದು ಕುಂಡಗಳಿಗೆ ಹಾಕುವ ಪರಿಪಾಠವೊಂದು ಬೆಳೆದಿದೆ. ಉದ್ದೇಶ ಒಳ್ಳೆಯದು. ಆದರೆ ಕುಡಿಯುವ ನೀರಿನಿಂದ ತೆಗೆದ ಲವಣವೆಲ್ಲ ಆ ನೀರಿನಲ್ಲಿಯೇ ಸಾಂದ್ರವಾಗಿರುತ್ತದೆ. ಅದರಿಂದ ನೆಲ ಒರೆಸಿರಿ, ಸಸಿಗೆ ಬೇಡ.

ಇನ್ನು ಆರುನೂರು ಸಸಿಗಳ ಚಿಕಿತ್ಸೆ. ಯೂರಿಯಾ ಹಾಕಿದ್ದರಿಂದ ಕೆಟ್ಟುದೇಕೆಂದರೆ, ಯೂರಿಯಾ ಮಣ್ಣಿನಲ್ಲಿ ಒಡೆಯುವಾಗ ಮೊದಲ ಕೆಲವು ದಿನ ಅಮೋನಿಯ ಹುಟ್ಟಿ ಸುತ್ತಲಿನ ರಸಸಾರ ಮೇಲೇರುತ್ತದೆ, ಎಳೆಯ ಬೇರು ಬೇಯುತ್ತದೆ. ಮೇಲಾಗಿ ಸಾರಜನಕದಿಂದ ಚಿಗುರು ಹೆಚ್ಚಿದಷ್ಟೂ ಕಬ್ಬಿಣದ ಬೇಡಿಕೆ ಹೆಚ್ಚುತ್ತದೆ. ಆದುದರಿಂದ ಮೊದಲು ಚೀಲಗಳ ತಳದ ರಂಧ್ರಗಳು ಮುಚ್ಚಿಹೋಗಿವೆಯೇ ನೋಡಿ ಬಿಡಿಸಿರಿ. ಸಪ್ಪೆನೀರು, ಎಂದರೆ ಸಂಗ್ರಹಿಸಿದ ಮಳೆನೀರು ಅಥವಾ ಪರೀಕ್ಷೆ ಮಾಡಿಸಿದ ಕಾಲುವೆಯ ನೀರು ಸಿಕ್ಕಿದರೆ, ಒಂದು ಬಾರಿ ತಳದಿಂದ ಹರಿಯುವಷ್ಟು ಹಾಕಿ, ಆಮೇಲೆ ಮೇಲ್ಮಣ್ಣು ಆರಿದ ಹೊರತು ನೀರು ಕೊಡಬೇಡಿರಿ. ಸದಾ ಕೆಸರಾಗಿರುವ ಮಣ್ಣಿನಲ್ಲಿ ಬೇರು ಬಿಡುವ ಇಂಗಾಲಾಮ್ಲವು ಹೊರಹೋಗದೆ ಸುಣ್ಣದೊಡನೆ ಸೇರಿ ಬೈಕಾರ್ಬೊನೇಟೇ ಆಗುತ್ತದೆ. ಅತಿಯಾದ ನೀರು ಈ ಬೇನೆಯನ್ನು ಇಮ್ಮಡಿಸುತ್ತದೆ.

ಅನಂತರ ಎಲೆಗೆ ಸಿಂಪಡಣೆ. ಒಂದು ಲೀಟರ್ ಸಪ್ಪೆನೀರಿನಲ್ಲಿ ಮೊದಲು 1 ಗ್ರಾಂ ಸಿಟ್ರಿಕ್ ಆಮ್ಲವನ್ನು (ಕಿರಾಣಿ ಅಂಗಡಿಯ ನಿಂಬೆ ಉಪ್ಪು) ಕರಗಿಸಿ, ಬಳಿಕ 5 ಗ್ರಾಂ ಅನ್ನಭೇದಿಯನ್ನು ಕರಗಿಸಿರಿ. ಅನ್ನಭೇದಿ ತಿಳಿಹಸಿರು ಹರಳಾಗಿರಬೇಕು; ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಆಗಲೇ ತುಕ್ಕಾಗಿದೆ, ಕೊಳ್ಳಬೇಡಿರಿ. ಮೊದಲು ಹತ್ತು ಸಸಿಗಳಿಗೆ ಮಾತ್ರ ಸಂಜೆಯ ತಂಪಿನಲ್ಲಿ ಸಿಂಪಡಿಸಿ ನಾಲ್ಕು ದಿನ ನೋಡಿ, ಎಲೆ ಸುಡದಿದ್ದರೆ ಉಳಿದವಕ್ಕೆ ಸಿಂಪಡಿಸಿರಿ. ಹತ್ತು ಹದಿನೈದು ದಿನಗಳ ಅಂತರದಲ್ಲಿ ಎರಡು ಮೂರು ಬಾರಿ ಬೇಕಾದೀತು. ಸಿಂಪಡಿಸಿದ ಎಲೆ ಹಸಿರಾಗುತ್ತದೆ. ಮುಂದೆ ಬರುವ ಎಲೆ ಮತ್ತೆ ಹಳದಿಯಾಗಬಹುದು, ಏಕೆಂದರೆ ಮಣ್ಣು ಹಾಗೆಯೇ ಇದೆ. ಅನ್ನಭೇದಿಯನ್ನು ನೇರವಾಗಿ ಚೀಲದ ಮಣ್ಣಿಗೆ ಹಾಕುವುದು ಹಣವನ್ನು ನೆಲದಲ್ಲಿ ಹೂಳಿದಂತೆ. ಸುಣ್ಣದ ಮಣ್ಣಿನಲ್ಲಿ ಅದು ಕೆಲವೇ ದಿನಗಳಲ್ಲಿ ತುಕ್ಕಾಗಿ ಕುಳಿತುಬಿಡುತ್ತದೆ. ಅಂಗಡಿಯಲ್ಲಿ ಚಿಲೇಟೆಡ್ ಕಬ್ಬಿಣವೆಂದು ದುಬಾರಿಯ ಪೊಟ್ಟಣ ಕೊಡುತ್ತಾರೆ. ಮಣ್ಣಿಗೆ ಹಾಕುವುದಾದರೆ ಪೊಟ್ಟಣದ ಮೇಲೆ ಏನು ಬರೆದಿದೆ ಎಂದು ಓದಿರಿ. ಇಡಿಟಿಎ ಎಂದಿದ್ದರೆ ಅದು ಆಮ್ಲ ಮಣ್ಣಿಗೆ ಸರಿ, 7ನ್ನು ದಾಟಿದ ಮಣ್ಣಿನಲ್ಲಿ ನಿಲ್ಲದು. ಇಡಿಡಿಎಚ್‌ಎ ಎಂದಿದ್ದರೆ 8, 9ರ ಮಣ್ಣಿನಲ್ಲಿಯೂ ಕೆಲಸ ಮಾಡುತ್ತದೆ.

ಜಿಪ್ಸಂ ಹಾಕಬಹುದೇ ಎಂದೂ ಕೇಳಿದ್ದೀರಿ. ಕ್ಷಾರ ಎಂದೊಡನೆ ಜಿಪ್ಸಂ ಎನ್ನುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಚೌಳು ಮಣ್ಣಿನಲ್ಲಿ, ಎಂದರೆ ಸೋಡಿಯಂ ಹೆಚ್ಚಾಗಿ ಕೆಟ್ಟ ಮಣ್ಣಿನಲ್ಲಿ, ಜಿಪ್ಸಂ ಔಷಧಿಯೇ ಸರಿ. ಅದರ ಕ್ಯಾಲ್ಸಿಯಂ ಸೋಡಿಯಂನ್ನು ಹೊರದೂಡುತ್ತದೆ, ನೀರು ಅದನ್ನು ತೊಳೆದು ಒಯ್ಯುತ್ತದೆ, ರಸಸಾರ ಇಳಿಯುತ್ತದೆ. ನಿಮ್ಮ ಚೀಲದಲ್ಲಿ ಹೆಚ್ಚಾಗಿರುವುದು ಸುಣ್ಣವಾದರೆ ಜಿಪ್ಸಂ ಹಾಕುವುದು ಕ್ಯಾಲ್ಸಿಯಂಗೆ ಕ್ಯಾಲ್ಸಿಯಂನ್ನೇ ಸೇರಿಸಿದಂತೆ, ಪ್ರಯೋಜನವಿಲ್ಲ. ಹಾಗಾದರೆ ಗಂಧಕ? ಮಣ್ಣಿನ ಸೂಕ್ಷ್ಮಜೀವಿಗಳು ಗಂಧಕವನ್ನು ಗಂಧಕಾಮ್ಲವಾಗಿ ಮಾರ್ಪಡಿಸುತ್ತವೆ, ಆ ಆಮ್ಲ ಸುಣ್ಣವನ್ನು ಕರಗಿಸುತ್ತದೆ, ನಿಜ. ಆದರೆ ಲೆಕ್ಕ ಹಾಕಿ ನೋಡಿರಿ. ನೂರು ಭಾಗ ಸುಣ್ಣಕಲ್ಲನ್ನು ತೀರಿಸಲು 32 ಭಾಗ ಗಂಧಕ ಬೇಕು. ನೂರಕ್ಕೆ ಐದರಷ್ಟು ಸುಣ್ಣವಿರುವ ಮಣ್ಣಾದರೆ, ಒಂದು ಕ್ವಿಂಟಲ್ ಮಣ್ಣಿಗೆ 1.6 ಕಿಲೋ ಗಂಧಕ. ಅಷ್ಟು ಸುರಿದರೆ ಹುಟ್ಟುವ ಲವಣಕ್ಕೆ ಸಸಿಯೇ ಉಳಿಯದು. ಸುಣ್ಣದ ಹರಳಿರುವ ಮಣ್ಣನ್ನು ಸರಿಪಡಿಸುವುದಕ್ಕಿಂತ ಅದನ್ನು ಸಸಿಮಡಿಗೆ ತಾರದಿರುವುದೇ ಲೇಸು. ಹರಳಿಲ್ಲದ, ತುಸುವೇ ಕ್ಷಾರವಾದ ಮಣ್ಣಿಗೆ ಗಂಧಕ ಸೇರಿಸುವುದಾದರೆ, ಬೀಜ ಊರುವ ಒಂದೂವರೆ ಎರಡು ತಿಂಗಳು ಮೊದಲೇ ಬೆರೆಸಿ, ತೇವವಾಗಿಟ್ಟು, ಮತ್ತೆ ಪರೀಕ್ಷಿಸಿಯೇ ತುಂಬಬೇಕು.

ಮಣ್ಣಿನಲ್ಲಿ ಸುಣ್ಣವಿದೆಯೇ ಎಂದು ತಿಳಿಯಲು ಮನೆಯ ಉಪಾಯ: ಒಣ ಮಣ್ಣಿನ ಮೇಲೆ ಗಟ್ಟಿ ನಿಂಬೆರಸವನ್ನೋ ವಿನೆಗರನ್ನೋ ಹನಿಸಿ ಕಿವಿಯ ಬಳಿ ಹಿಡಿದರೆ ಚುರುಚುರು ಸದ್ದು ಕೇಳುತ್ತದೆ, ನೊರೆಗುಳ್ಳೆ ಏಳುತ್ತದೆ. ಎದ್ದರೆ ಆ ಮಣ್ಣು ಬೇಡ. ಏಳದಿದ್ದರೆ ಸುಣ್ಣ ಸ್ವಲ್ಪವೂ ಇಲ್ಲವೆಂದು ಹೇಳಲಾಗದು; ಆಗ ರಸಸಾರವನ್ನು ಅಳೆಯಬೇಕು. ನಾಲ್ಕೈದು ಚೀಲಗಳ ನಡುಮಟ್ಟದಿಂದ ಮಣ್ಣು ತೆಗೆದು ನೆರಳಿನಲ್ಲಿ ಒಣಗಿಸಿ, 20 ಗ್ರಾಂ ಮಣ್ಣಿಗೆ 50 ಮಿಲಿಲೀಟರ್ ಬಟ್ಟಿಯಿಳಿಸಿದ ನೀರು ಬೆರೆಸಿ, ಆಗಾಗ ಕಲಕುತ್ತ ಅರ್ಧ ಗಂಟೆ ಬಿಟ್ಟು ಬಣ್ಣದ ಕಾಗದವನ್ನು ಅದ್ದಿ ನೋಡುವುದು. ಕಾಗದ ಅರ್ಧ ಮೆಟ್ಟಿಲಿನಷ್ಟು ಹೆಚ್ಚುಕಡಮೆ ತೋರಬಹುದು. ಮನೆಗೆಲಸಕ್ಕೆ ಅಷ್ಟು ಸಾಕು. ಪೆನ್ನಿನಂತಹ ಅಗ್ಗದ ಯಂತ್ರಗಳು ಈಗ ದೊರೆಯುತ್ತವೆ. ಆದರೆ ಪ್ರಮಾಣ ದ್ರಾವಣದಲ್ಲಿ ಅದ್ದಿ ಸರಿಹೊಂದಿಸದ ಯಂತ್ರ ಹೇಳುವ ಅಂಕಿಗಿಂತ ಬಣ್ಣದ ಕಾಗದವೇ ಹೆಚ್ಚು ನಂಬಿಗಸ್ಥ.

ಮುಂದಿನ ಸಲದ ಸಸಿಗಳಿಗೆ ಎರೆಮಣ್ಣನ್ನು ಬಿಟ್ಟುಬಿಡಿರಿ. ಅದು ಒಣಗಿದಾಗ ಬಿರಿದು ಬೇರನ್ನು ಹರಿಯುತ್ತದೆ, ನೆನೆದಾಗ ಗಾಳಿಯಾಡಗೊಡದು. ನೊರೆಯೇಳದ ಮಸಾರಿ ಮಣ್ಣು ಎರಡು ಪಾಲು, ಮರಳು ಒಂದು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು ಬೆರೆಸಿರಿ. ಒಲೆಯ ಬೂದಿ ಸೇರಿದ ತಿಪ್ಪೆಯ ಗೊಬ್ಬರ ಬೇಡ. ಬೂದಿ ಅಪ್ಪಟ ಕ್ಷಾರ. ತೆಂಗಿನ ನಾರಿನ ಪುಡಿ ಸಾಮಾನ್ಯವಾಗಿ ತುಸು ಆಮ್ಲಗುಣದ್ದು, ಗೊಬ್ಬರದೊಡನೆ ಸ್ವಲ್ಪ ಸೇರಿಸಬಹುದು. ಉಪ್ಪಿನಂಶ ಹೋಗುವಂತೆ ಮೊದಲು ತೊಳೆಯಬೇಕು. ನೀರಿಗೆ ಮಾಳಿಗೆಯ ಮಳೆನೀರೇ ಗತಿ, ಮತ್ತು ಅದು ಜನ ಎಣಿಸಿದಷ್ಟು ಕಷ್ಟವೂ ಅಲ್ಲ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಮಾಳಿಗೆಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸಾವಿರ ಲೀಟರ್; ಐದನೆಯ ಒಂದು ಪಾಲು ಹಾಳಾದರೂ ಎಂಟುನೂರು ಉಳಿಯಿತು. ಆರುನೂರು ಚೀಲಗಳಿಗೆ ದಿನಕ್ಕೆ ಬೇಕಾದುದು 90 ಲೀಟರ್. ಒಂದು ಹದಮಳೆ ಒಂಬತ್ತು ದಿನದ ನೀರನ್ನು ಕೊಟ್ಟಂತಾಯಿತು. ಎಲ್ಲ ದಿನಗಳಿಗೂ ಸಾಲದಿದ್ದರೆ ಕೊಳವೆ ಬಾವಿಯ ನೀರಿನೊಡನೆ ಅರ್ಧಕ್ಕರ್ಧ ಬೆರೆಸಿದರೂ ಚೀಲದಲ್ಲಿ ಸೇರುವ ಸುಣ್ಣ ಅರ್ಧವಾಗುತ್ತದೆ.

ಮಾರಾಟವಲ್ಲದೆ ಮನೆಮಟ್ಟಿಗೆ ಗಿಡ ಬೆಳೆಸುವವರಿಗೂ ಇದು ಸಲ್ಲುತ್ತದೆ. ಹೊಸ ಮನೆಯ ಗೋಡೆಯ ಬದಿಗೆ ನೆಟ್ಟ ಕರಿಬೇವು ಏಳಿಗೆಯಾಗದೆ ಹಳದಿಯಾಗಿ ನಿಂತಿದ್ದರೆ, ಬುಡವನ್ನು ಅಗೆದು ನೋಡಿರಿ; ಗಾರೆ, ಸಿಮೆಂಟಿನ ಚೂರುಗಳು ಸಿಕ್ಕಾವು. ಗುಲಾಬಿ, ಮಲ್ಲಿಗೆಗಳೂ ಸುಣ್ಣವನ್ನು ಸಹಿಸುವುದಿಲ್ಲ. ಕ್ಷಾರದ ನೆಲವೇ ಪಾಲಿಗೆ ಬಂದವರು ನೆಲದೊಡನೆ ಸೆಣಸುವುದನ್ನು ಬಿಟ್ಟು ಬೋರೆ, ನೆಲ್ಲಿ, ಬಿಲ್ವ, ಬೇವುಗಳನ್ನು ಆರಿಸಿಕೊಳ್ಳುವುದು ಜಾಣತನ.

ಮಲೆನಾಡಿನ ಓದುಗರು ಇದನ್ನೆಲ್ಲ ಓದಿ ತಮ್ಮ ಸಸಿಮಡಿಗೆ ಗಂಧಕ ತಂದಾರೆಂಬ ಭಯ ನಮಗಿದೆ. ಅಲ್ಲಿಯ ಕಥೆ ಬೇರೆ. ಧಾರಾಕಾರ ಮಳೆ ಸುಣ್ಣವನ್ನೆಲ್ಲ ತೊಳೆದು ಒಯ್ದಿರುವುದರಿಂದ ಶಿರಸಿ, ತೀರ್ಥಹಳ್ಳಿ, ಕೊಡಗುಗಳ ಮಣ್ಣು ಬಹುಮಟ್ಟಿಗೆ ಆಮ್ಲವೇ. ಕಾಫಿ, ಅಡಿಕೆ, ಮೆಣಸು ಅಲ್ಪ ಆಮ್ಲವನ್ನು ಒಪ್ಪುತ್ತವೆ. ಆದರೆ 5.5ಕ್ಕಿಂತ ಕೆಳಗಿಳಿದಂತೆ ಮಣ್ಣಿನ ಅಲ್ಯೂಮಿನಿಯಂ ಕರಗತೊಡಗಿ ಬೇರಿನ ತುದಿಯನ್ನು ಮೊಂಡಾಗಿಸುತ್ತದೆ. ರಂಜಕವೂ ಕಬ್ಬಿಣ, ಅಲ್ಯೂಮಿನಿಯಂಗಳೊಡನೆ ಸೇರಿ ಸಸಿಗೆ ದಕ್ಕದಾಗುತ್ತದೆ. ಅಲ್ಲಿ ಬೇಕಾದುದು ಕೃಷಿ ಸುಣ್ಣ, ಅಥವಾ ಮೆಗ್ನೀಸಿಯಂನ್ನೂ ಕೊಡುವ ಡಾಲೊಮೈಟ್. ಅದೂ ಪರೀಕ್ಷೆಯ ಅಂಕಿ ನೋಡಿದ ಮೇಲೆ. ಚೀಲ ತುಂಬುವ ಎರಡು ಮೂರು ವಾರ ಮೊದಲು ಮಣ್ಣಿಗೆ ಬೆರೆಸಿ ತೇವವಾಗಿಡಬೇಕು. ಹಸಿ ಗೊಬ್ಬರದೊಡನೆ ಸುಣ್ಣವನ್ನು ಕೂಡಿಸಿದರೆ ಗೊಬ್ಬರದ ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ.

ಇಂಡಿಯ ಸೋದರಿ ಈ ವಾರವೇ ಮಾಡಬೇಕಾದುದೊಂದಿದೆ. ಚೀಲದ ಮಣ್ಣು ಅರ್ಧ ಕಿಲೋ, ಕೊಳವೆ ಬಾವಿಯ ನೀರು ಒಂದು ಲೀಟರ್, ಇವೆರಡನ್ನೂ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಕೃಷಿ ಇಲಾಖೆಯ ಮಣ್ಣು ಪರೀಕ್ಷಾ ಕೇಂದ್ರಕ್ಕೋ ಒಯ್ದು ಕೊಡಿರಿ. ಮಣ್ಣಿಗೆ ರಸಸಾರ, ಲವಣಾಂಶ, ಸುಣ್ಣದ ಅಂಶ. ನೀರಿಗೆ ಬೈಕಾರ್ಬೊನೇಟ್ ಮತ್ತು ಸೋಡಿಯಂ ಎಂದು ಬಿಡಿಸಿ ಕೇಳಿರಿ, ಇಲ್ಲದಿದ್ದರೆ ರಸಸಾರವನ್ನಷ್ಟೇ ಬರೆದುಕೊಟ್ಟಾರು. ನೀರನ್ನು ತುಂಬುವ ಮೊದಲು ಪಂಪನ್ನು ಹತ್ತು ನಿಮಿಷ ಓಡಿಸಿ, ಬಾಟಲಿಯನ್ನು ಅದೇ ನೀರಿನಿಂದ ಮೂರು ಬಾರಿ ಗಲಬರಿಸಿ, ಬಾಯಿಮಟ್ಟ ತುಂಬಿ ಬಿರಡೆ ಹಾಕಿ, ಅದೇ ದಿನ ತಲುಪಿಸಿರಿ. ಮಣ್ಣನ್ನು ಗೊಬ್ಬರದ ಖಾಲಿ ಚೀಲದಲ್ಲಿ ಕಟ್ಟಬೇಡಿರಿ, ಹೊಸ ಬಟ್ಟೆಯ ಚೀಲ ಸಾಕು.